ಬಾಣ ಬಿಡೋ ಮುಂಚೆ ‘ಸದ್ದಲೇ’ ಅನ್ನೋರು ಯಾರು?

ದಸರಾ ಹೊತ್ತಿಗೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋದವರಿಗೆ ಆ ಗಳಿಗೆ ಗೊತ್ತಿರುತ್ತದೆ. ಸಾವಿರಾರು ಜನ ಸೇರಿರುತ್ತಾರೆ, ಗದ್ದಲವೋ ಗದ್ದಲ. ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಅನ್ನುತ್ತಾರೆ. ಇಡೀ ಗುಡ್ಡ ಗಪ್‌ಚುಪ್ ಆಗುತ್ತದೆ. ಆಮೇಲೆಯೇ ಕಾರ್ಣಿಕ.

ಊರಿನ ಹಿತ್ತಲಲ್ಲಿ ಹುಡುಗರು ಬಿಲ್ಲು ಹಿಡಿದಿದ್ದನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಮೊಬೈಲ್‌ನಲ್ಲಿ ಒಲಿಂಪಿಕ್ಸ್ ನೋಡುತ್ತಾರೆ, ಆನ್‌ಲೈನ್‌ನಲ್ಲಿ ಬಿಲ್ಲು ತರಿಸುತ್ತಾರೆ. ಇಲ್ಲದಿದ್ದರೆ ಬಿದಿರು ಬಗ್ಗಿಸುತ್ತಾರೆ. ಒಬ್ಬ ಗುರಿ ಹಿಡಿದಿರುವಾಗಲೇ ಇನ್ನೊಬ್ಬ ಬಿದ್ದ ಬಾಣ ಹೆಕ್ಕಲು ಓಡುತ್ತಾನೆ. ‘ಸದ್ದಲೇ’ ಅನ್ನೋರು ಅಲ್ಲಿ ಯಾರೂ ಇರುವುದಿಲ್ಲ.

ಇದನ್ನು ಕಂಡ ಹಿರಿಯರು ಎರಡರಲ್ಲಿ ಒಂದು ಮಾಡುತ್ತಾರೆ. ಬಿಲ್ಲು ಮುರಿದು ಒಲೆಗೆ ಹಾಕುತ್ತಾರೆ, ಇಲ್ಲವೆ ‘ಆಡ್ಲಿ ಬಿಡ್ರಿ’ ಅಂತ ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಎರಡೂ ತಪ್ಪು.

ಮುರಿಯುವುದು ಏಕೆ ತಪ್ಪು? ಹರಿಯಾಣದ ಕೈಥಲ್ ಜಿಲ್ಲೆಯ ರೈತ ಕುಟುಂಬದ ಹರ್ವಿಂದರ್ ಸಿಂಗ್ ಅವರನ್ನು ನೋಡಿ. 2020ರ ಲಾಕ್‌ಡೌನ್‌ನಲ್ಲಿ ಅಭ್ಯಾಸಕ್ಕೆ ಜಾಗ ಇಲ್ಲದಾದಾಗ ಅವರ ತಂದೆ ಹೊಲವನ್ನೇ ಬಿಲ್ಲುಗಾರಿಕೆಯ ಮೈದಾನ ಮಾಡಿಕೊಟ್ಟರು. 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಮಗ ಕಂಚು ತಂದರು, 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ. ಹೊಲ ನಮ್ಮಲ್ಲೂ ಇದೆ.

ಸುಮ್ಮನೆ ಬಿಡುವುದು ಏಕೆ ತಪ್ಪು? 2020ರ ಜನವರಿಯಲ್ಲಿ ಅಸ್ಸಾಮಿನ ಚಾಬುವಾದಲ್ಲಿ ತರಬೇತಿ ನಡೆಯುವಾಗಲೇ 12 ವರ್ಷದ ಬಾಲಕಿಯ ಭುಜದ ಬಳಿ ಬಾಣ ನೆಟ್ಟಿತು. ಅದನ್ನು ತೆಗೆಸಲು ದಿಲ್ಲಿಯ ಏಮ್ಸ್‌ವರೆಗೆ ವಿಮಾನದಲ್ಲಿ ಒಯ್ಯಬೇಕಾಯಿತು. ಬಾಲಕಿ ಉಳಿದಳು. ತರಬೇತಿ ಜಾಗದಲ್ಲೇ ಹೀಗಾದರೆ ನಮ್ಮ ಹಿತ್ತಲಿನ ಗತಿ?

ಹಾಗಾಗಿ ಮೊದಲ ನಿಯಮ: ದೊಡ್ಡವರೊಬ್ಬರು ನಿಂತಿರಬೇಕು, ಅವರ ಮಾತೇ ಕೊನೆ. ಒಂದು ಸೀಟಿ ಸಾಕು. ಸ್ಪರ್ಧೆಗಳಲ್ಲೂ ಸೀಟಿಯದ್ದೇ ಲೆಕ್ಕ. ಎರಡು ಊದಿದರೆ ಗೆರೆಗೆ ಬರಬೇಕು, ಒಂದು ಊದಿದರೆ ಬಾಣ ಬಿಡಬಹುದು, ಮೂರು ಊದಿದರೆ ಬಾಣ ತರಲು ಹೋಗಬಹುದು. ಐದಾರು ಸಲ ಬಿಡದೆ ಊದಿದರೆ ಎಲ್ಲರೂ ಅಲ್ಲಲ್ಲೇ ನಿಲ್ಲಬೇಕು. ಮಿಕ್ಕವರೆಲ್ಲ ಬಿಲ್ಲುಗಾರನ ಹಿಂದೆ ಇರಬೇಕು, ಮುಂದೂ ಅಲ್ಲ, ಪಕ್ಕದಲ್ಲೂ ಅಲ್ಲ.

ಎರಡನೆಯದು, ಗುರಿಯ ಹಿಂದೆ ಏನಿದೆ ಅನ್ನುವುದು. ಗುರಿ ತಪ್ಪಿದ ಬಾಣ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಯೋಚಿಸಬೇಕು. ಕಲಿಯುವವರ ಹಗುರ ಬಿಲ್ಲಿನ ಬಾಣವೂ ಮೇಲಕ್ಕೆ ಬಿಟ್ಟರೆ ನೂರು ಮೀಟರ್ ದಾಟೀತು. ಗುರಿಯ ಹಿಂದೆ ಓಣಿ, ಬಚ್ಚಲು, ದನದ ಕೊಟ್ಟಿಗೆ ಇರಬಾರದು. ಕಲ್ಲಿನ ಗೋಡೆಯೂ ಬೇಡ, ಬಾಣ ಪುಟಿದು ತಿರುಗಿ ಬರುತ್ತದೆ. ಆಳೆತ್ತರದ ಅಗಲವಾದ ಮಣ್ಣಿನ ಒಡ್ಡು ಒಳ್ಳೆಯದು.

ಮೇವಿನ ಬಣವಿಗೆ ಮಾತ್ರ ಗುರಿ ಇಡಬೇಡಿ. ಮುರಿದ ಬಾಣದ ಲೋಹದ ತುದಿ ಮೇವಿನೊಳಗೆ ಉಳಿದರೆ ಎತ್ತಿನ ಹೊಟ್ಟೆ ಸೇರುತ್ತದೆ.

ಗುರಿಗೆ ದುಡ್ಡು ಬೇಕಿಲ್ಲ. ಬ್ಯಾಡಗಿ ಕಡೆಯ ಮನೆಗಳಲ್ಲಿ ಖಾಲಿ ಚೀಲಕ್ಕೆ ಬರವೇ? ಒಂದು ಗೋಣಿಚೀಲಕ್ಕೆ ಹಳೇ ಬಟ್ಟೆ, ಪ್ಲಾಸ್ಟಿಕ್ ಹಾಳೆ ಗಿಡಿದು ತುಂಬಿ ಹೊಲಿಯಿರಿ. ಸಡಿಲವಿದ್ದರೆ ಬಾಣ ಪಾರಾಗುತ್ತದೆ. ಮೆಣಸಿನಕಾಯಿ ಚೀಲವಾದರೆ ತೊಳೆದು ಒಣಗಿಸಿ, ಇಲ್ಲವೆಂದರೆ ಪ್ರತಿ ಪೆಟ್ಟಿಗೂ ಘಾಟು ಏಳುತ್ತದೆ, ಕಣ್ಣು ಉರಿಯುತ್ತದೆ. ಶುರುವಿಗೆ 5ರಿಂದ 10 ಮೀಟರ್ ದೂರ ಸಾಕು. ಒಲಿಂಪಿಕ್ಸ್‌ನ 70 ಮೀಟರ್ ಆಮೇಲೆ ನೋಡೋಣ.

ಇನ್ನು ಕೆಲವು ಸಣ್ಣ ಮಾತು. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಲ್ಲೇ ಸಿಡಿದು ಮುಖಕ್ಕೆ ಬಡಿಯಬಹುದು. ಬಿರುಕು ಬಿಟ್ಟ ಬಾಣ ಬಳಸಬಾರದು. ದುಪಟ್ಟಾ, ಕೊರಳ ಸರ, ಬಿಟ್ಟ ಕೂದಲು ಹೆದೆಗೆ ಸಿಗದಂತೆ ಕಟ್ಟಿಕೊಳ್ಳಬೇಕು. ಚೀಲದಿಂದ ಬಾಣ ಕೀಳುವಾಗ ಕೀಳುವವರ ಬೆನ್ನ ಹಿಂದೆ ಯಾರೂ ನಿಲ್ಲಬಾರದು.

ಇಷ್ಟೆಲ್ಲ ಮಾಡಿಯೂ ಬಾಣ ನೆಟ್ಟರೆ ಕೀಳಲು ಹೋಗಬೇಡಿ, ಕಿತ್ತರೆ ರಕ್ತ ನಿಲ್ಲದೆ ಹೋಗಬಹುದು. ಅಲುಗಾಡದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಔಷಧ ಹಾಕಬೇಡಿ. ಒತ್ತದಂತೆ ಮೇಲೊಂದು ಕಾಗದದ ಕಪ್ ಮುಚ್ಚಿ ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ.

ರಾಣೆಬೆನ್ನೂರು ಸುತ್ತಿನವರಿಗೆ ಇನ್ನೊಂದು ಮಾತು. ಅಲ್ಲಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನಲ್ಲಿ ಎಷ್ಟೋ ಹೊಲಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಲ್ಲು ಬಾಣವನ್ನೂ ಆಯುಧ ಅಂತಲೇ ಎಣಿಸುತ್ತದೆ. ಅನುಮತಿ ಇಲ್ಲದೆ ಅದನ್ನು ಹಿಡಿದು ಅಭಯಾರಣ್ಯದೊಳಗೆ ಕಾಲಿಟ್ಟರೇ ಅಪರಾಧ. ‘ನಾವು ಬೇಟೆಗೆ ಹೋಗಿಲ್ರಿ, ಆಡಾಕ ಹೋಗಿದ್ವಿ’ ಅಂದರೆ ನಡೆಯುವುದಿಲ್ಲ. ನಾಯಿ, ನವಿಲು, ಜಿಂಕೆ ಯಾವುದೂ ಗುರಿಯಲ್ಲ ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಬೇಕು.

ಆದರೆ ಇಷ್ಟೆಲ್ಲವನ್ನೂ ಬರೀ ಅಪ್ಪ ಅವ್ವನ ಮೇಲೆ ಹೊರಿಸುವುದು ನ್ಯಾಯವಲ್ಲ. ಹೊಲವಿಲ್ಲದ ಮನೆಯ, ಇಕ್ಕಟ್ಟಿನ ಓಣಿಯ ಮಕ್ಕಳು ಎಲ್ಲಿಗೆ ಹೋಗಬೇಕು? ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಯಾವ ಊರಲ್ಲಾದರೂ ನಾಲ್ಕು ಮಕ್ಕಳು ಬಿಲ್ಲು ಹಿಡಿದಿದ್ದರೆ, ಒಂದು ಮಣ್ಣಿನ ಒಡ್ಡು ಹಾಕಿ ಸುತ್ತ ಬೇಲಿ ಕಟ್ಟಿಸುವುದು ಗ್ರಾಮ ಪಂಚಾಯಿತಿಗೆ ದೊಡ್ಡ ಹೊರೆಯಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಅಲ್ಲಿವರೆಗೆ ಒಂದು ಕೆಲಸ ಮಾಡಿ. ಇವತ್ತು ಸಂಜೆ ಮಗ ಅಥವಾ ಮಗಳು ಗುರಿ ಇಡುವ ಜಾಗದಲ್ಲಿ ನೀವೇ ಹೋಗಿ ನಿಲ್ಲಿ. ಚೀಲದ ಹಿಂದೆ ಏನಿದೆ ನೋಡಿ. ಅಲ್ಲಿಂದ ಪಕ್ಕದ ಮನೆಯ ಅಜ್ಜಿ ಪಾತ್ರೆ ತೊಳೆಯುವುದು ಕಾಣುತ್ತಿದ್ದರೆ ಅವತ್ತಿನ ಆಟ ಅಲ್ಲಿಗೇ ನಿಲ್ಲಲಿ. ‘ಸದ್ದಲೇ’ ಅನ್ನಬೇಕಾದವರು ನೀವೇ.