ಎಣಿಕೆಗೆ ಮುನ್ನ ಗಡಿಯನ್ನು ಕೇಳೋಣ

ಕರ್ನಾಟಕದಲ್ಲಿ ಜಿಲ್ಲೆಗಳೆಷ್ಟು? ಕಂದಾಯ ಇಲಾಖೆಗೆ 31, ಶಿಕ್ಷಣ ಇಲಾಖೆಗೆ 35. ಎರಡೂ ಸುಳ್ಳಲ್ಲ; ಎಣಿಕೆಯ ಉದ್ದೇಶ ಬೇರೆಯಾದರೆ ಉತ್ತರವೂ ಬೇರೆ. ಕೊಳ್ಳೇಗಾಲವನ್ನೇ ನೋಡಿ: 1956ರವರೆಗೆ ಕೊಯಮತ್ತೂರು ಜಿಲ್ಲೆ, ಬಳಿಕ ಮೈಸೂರು, 1997ರಿಂದ ಚಾಮರಾಜನಗರ. ಯಳಂದೂರು ಕಂದಾಯಕ್ಕೆ ಪ್ರತ್ಯೇಕ ತಾಲೂಕು, ವಿಧಾನಸಭೆಗೆ ಕೊಳ್ಳೇಗಾಲ ಕ್ಷೇತ್ರದ ಭಾಗ. ಹನೂರು ಇಂದು ತಾಲೂಕು. ಆದರೆ 2011ರ ಜನಗಣತಿಯಲ್ಲಿ ಅದು ಕೊಳ್ಳೇಗಾಲ ತಾಲೂಕಿನೊಳಗಿದೆ.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳನ್ನು ನಾವು ಕೇಳುವುದು ಇಂತಹ ಅಂಕಿಗಳನ್ನು ಮುಂದಿಟ್ಟೇ. ಹಳೆಯ ಗಡಿಯ ಲೆಕ್ಕದಿಂದ ಹೊಸ ತಾಲೂಕಿನ ಅಗತ್ಯವನ್ನು ಅಳೆದರೆ ಹನೂರಿನ ಬಡವರು ಕೊಳ್ಳೇಗಾಲದ ಸರಾಸರಿಯಲ್ಲಿ ಮರೆಯಾಗುತ್ತಾರೆ. ಆದ್ದರಿಂದ ಮನವಿ ಸಲ್ಲಿಸುವ ಮುನ್ನ ನಾವು ಕೇಳಬೇಕಾದುದು 'ಎಷ್ಟು?' ಎಂದಷ್ಟೇ ಅಲ್ಲ. 'ಯಾವ ವರ್ಷದ, ಯಾವ ಗಡಿಯ ಲೆಕ್ಕ?' ಎಂದು.