ಜಾರುವ ಗೇರು, ಸುಡುವ ಎಣ್ಣೆ: ಸಾಸಲು ಸೀಮೆಯ ಲಾರಿಗಳ ಮುಂದಿನ ಪ್ರಶ್ನೆ

ದೊಡ್ಡಬಳ್ಳಾಪುರ: ಎಂಜಿನ್ ಅಬ್ಬರಿಸುತ್ತದೆ, ಲಾರಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಮಾಕಳಿದುರ್ಗದ ಏರಿನಲ್ಲಿ ಲೋಡು ಹೊತ್ತು ನಿಂತ ಚಾಲಕನಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಿಲ್ಲ. 'ಕ್ಲಚ್ ಸ್ಲಿಪ್ ಆಗ್ತಿದೆ' ಎಂಬ ಒಂದೇ ಮಾತಿನಲ್ಲಿ ರೋಗನಿದಾನ ಮುಗಿಯುತ್ತದೆ. ಸಾಸಲು ಹೋಬಳಿಯ ಸಣ್ಣ ಲಾರಿ ಮಾಲೀಕರಿಗೆ ಈ ರೋಗವೂ ಗೊತ್ತು, ಮದ್ದೂ ಗೊತ್ತು. ಗೇರ್ ಬಾಕ್ಸ್ ಇಳಿಸಿ, ಪ್ಲೇಟ್ ಬದಲಿಸಿದರೆ ಲಾರಿ ಮತ್ತೆ ರಸ್ತೆಗೆ.

ಆದರೆ ಈಗ ಬದಲಾಗುತ್ತಿರುವುದು ಗೇರ್ ಬಾಕ್ಸೇ. ಬೆಂಗಳೂರಿಗರಿಗೆ ಕ್ಲಚ್ ಪೆಡಲ್ ಇಲ್ಲದ ಭಾರೀ ವಾಹನದ ಪರಿಚಯವಾದದ್ದು 2006ರಲ್ಲಿ ಬಿಎಂಟಿಸಿ ವೋಲ್ವೊ ಬಸ್ಸುಗಳನ್ನು ಬೀದಿಗಿಳಿಸಿದಾಗ. ಇದೇ ಜಿಲ್ಲೆಯ ಹೊಸಕೋಟೆಯಲ್ಲಿ 1998ರಿಂದ ಆ ಸಂಸ್ಥೆಯ ಕಾರ್ಖಾನೆ ಇದೆ. ಅಂಥ ಗೇರ್ ವ್ಯವಸ್ಥೆ ಈಗ ಬಸ್ಸಿಗಷ್ಟೇ ಸೀಮಿತವಾಗಿ ಉಳಿದಿಲ್ಲ, ಟಿಪ್ಪರ್ ಮತ್ತು ಸರಕು ಲಾರಿಗಳಿಗೂ ಬಂದಿದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ರಸ್ತೆಯ ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಭಾರೀ ವಾಹನಗಳಿಗೆ ತಾಲ್ಲೂಕು ಇನ್ನಷ್ಟು ಹತ್ತಿರವಾಗಿದೆ.

ಇಲ್ಲಿಯೇ ಮೊದಲ ಗೊಂದಲ. ಕ್ಲಚ್ ಪೆಡಲ್ ಇಲ್ಲದ ಲಾರಿಗಳೆಲ್ಲ ಒಂದೇ ಜಾತಿಯವಲ್ಲ. ಸರಕು ಲಾರಿಗಳಲ್ಲಿ ಹೆಚ್ಚಾಗಿ ಕಾಣುವ 'ಎಎಂಟಿ' ಎಂಬುದು ಮೂಲತಃ ಹಳೆಯ ಗೇರ್ ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಚಾಲಕನ ಬದಲು ಯಂತ್ರ ಮಾಡುತ್ತದೆ. ಅದರೊಳಗಿರುವುದು ಸಾಮಾನ್ಯವಾಗಿ ಗೇರ್ ಆಯಿಲ್. ಸ್ಲಿಪ್ ಆದರೆ ಅಲ್ಲಿಯೂ ಮೊದಲ ಅನುಮಾನ ಕ್ಲಚ್ ಪ್ಲೇಟಿನ ಮೇಲೆಯೇ. ಟಾರ್ಕ್ ಕನ್ವರ್ಟರ್ ಉಳ್ಳ ಪೂರ್ಣ ಸ್ವಯಂಚಾಲಿತ ಗೇರ್ ಬಾಕ್ಸ್ ಬೇರೆಯೇ ವಂಶ. ಗಣಿ ಟಿಪ್ಪರುಗಳು, ವಿಮಾನ ನಿಲ್ದಾಣದ ಅಗ್ನಿಶಾಮಕ ವಾಹನಗಳಂಥವುಗಳಲ್ಲಿ ಇರುವುದು ಇದು. ಇದರಲ್ಲಿ ಎಂಜಿನ್ನಿನ ಶಕ್ತಿ ಚಕ್ರದ ಕಡೆಗೆ ದಾಟುವುದೇ ಎಣ್ಣೆಯ ಮೂಲಕ.

ಇಲ್ಲಿ ಎಣ್ಣೆ ಕೇವಲ ಜಿಡ್ಡಲ್ಲ. ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ಅದೇ, ಶಾಖವನ್ನು ಹೊತ್ತು ಕೂಲರಿಗೆ ಒಯ್ಯುವುದೂ ಅದೇ. ಎಣ್ಣೆ ಕಡಿಮೆಯಾದರೆ ಒತ್ತಡ ಕುಸಿಯುತ್ತದೆ, ಬಿಲ್ಲೆಗಳು ಜಾರುತ್ತವೆ. ಜಾರಿದರೆ ಶಾಖ, ಶಾಖಕ್ಕೆ ಎಣ್ಣೆ ಕೆಡುತ್ತದೆ, ಕೆಟ್ಟ ಎಣ್ಣೆಯಲ್ಲಿ ಬಿಲ್ಲೆಗಳು ಮತ್ತಷ್ಟು ಜಾರುತ್ತವೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಎಣ್ಣೆಯ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಕಡಿಮೆ ಇದ್ದರೆ ತಾನೇ ತೊಂದರೆ ಎಂದು ಒಂದಿಷ್ಟು ಹೆಚ್ಚೇ ಸುರಿಯುವವರೂ ಉಂಟು. ಅತಿಯಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಒತ್ತಡ ನಿಲ್ಲದು. ಫಲ ಮತ್ತದೇ ಜಾರಾಟ.

ಅಳತೆ ನೋಡುವ ಕ್ರಮವೂ ಬೇರೆ. ಎಂಜಿನ್ ಆಯಿಲ್ ನೋಡುವುದು ಎಂಜಿನ್ ನಿಲ್ಲಿಸಿ. ಈ ಎಣ್ಣೆಯನ್ನು ಸಾಮಾನ್ಯವಾಗಿ ಸಮತಟ್ಟು ನೆಲದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ, ಎಂಜಿನ್ ಓಡುತ್ತಿರುವಾಗ, ಎಣ್ಣೆ ಬಿಸಿಯಾದ ಮೇಲೆ ನೋಡಬೇಕು. ಮೂವತ್ತು ವರ್ಷ ಡಿಪ್‌ಸ್ಟಿಕ್ ಎಳೆದ ಕೈ ಇಲ್ಲಿ ತಪ್ಪುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಅಪಾಯ ಎಣ್ಣೆಯ ಕೆಂಪು ಬಣ್ಣದ್ದು. ಲಾರಿ ಗ್ಯಾರೇಜುಗಳು ಕೆಂಪು ಎಣ್ಣೆಯನ್ನು ಬಹುಕಾಲದಿಂದ ಪವರ್ ಸ್ಟೀರಿಂಗಿಗೆ ಹಾಕುತ್ತ ಬಂದಿವೆ. ಅದೇ ಡಬ್ಬಿಯಿಂದ ಗೇರ್ ಬಾಕ್ಸಿಗೂ ಸುರಿದರೆ ತಪ್ಪೇನು ಎನಿಸುವುದು ಸಹಜ. ಆದರೆ ಬಣ್ಣ ಒಂದೇ ಆದ ಮಾತ್ರಕ್ಕೆ ಗುಣ ಒಂದಾಗದು. ಭಾರೀ ವಾಹನಗಳ ಸ್ವಯಂಚಾಲಿತ ಗೇರ್ ಬಾಕ್ಸ್ ತಯಾರಿಸುವ ಆಲಿಸನ್ ಸಂಸ್ಥೆ ಟಿಇಎಸ್ 295, ಟಿಇಎಸ್ 668 ಎಂಬ ತನ್ನದೇ ಮಾನದಂಡಗಳನ್ನು ಇಟ್ಟಿದೆ; ಎಣ್ಣೆ ಮತ್ತು ಫಿಲ್ಟರ್ ಬದಲಿಸುವ ಅವಧಿ ಆ ಎಣ್ಣೆಯನ್ನು ಅನುಸರಿಸಿ ಬದಲಾಗುತ್ತದೆ. ತಪ್ಪು ಎಣ್ಣೆ ಹಾಕಿದವನಿಗೆ ವಾರಂಟಿ ಕೈಕೊಟ್ಟರೆ ದೂರಲು ಯಾರೂ ಇರುವುದಿಲ್ಲ.

ಹೊರೆಯ ಮಾತು ಬಿಟ್ಟರೆ ಚಿತ್ರ ಅಪೂರ್ಣ. ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸಿತು. ಆದರೂ ಜಲ್ಲಿ, ಎಂ-ಸ್ಯಾಂಡ್ ಸಾಗಣೆಯಲ್ಲಿ ಟ್ರಿಪ್ಪಿನ ಲೆಕ್ಕವೇ ಪ್ರಧಾನ. ಅತಿಭಾರದ ಲಾರಿ ಏರಿನಲ್ಲಿ ತೆವಳುವಾಗ ಟಾರ್ಕ್ ಕನ್ವರ್ಟರ್ ಎಣ್ಣೆಯನ್ನು ಕಾಯಿಸುತ್ತಲೇ ಇರುತ್ತದೆ. ತೂಕದ ಚೀಟಿಯಲ್ಲಿ ಉಳಿಸಿದ ಹಣವನ್ನು ಗೇರ್ ಬಾಕ್ಸ್ ವಸೂಲು ಮಾಡುತ್ತದೆ, ಅದೂ ಮಾಲೀಕನಿಂದಲೇ ಹೊರತು ಲೋಡು ಕೊಟ್ಟವನಿಂದಲ್ಲ.

ದೊಡ್ಡ ಸಾರಿಗೆ ಸಂಸ್ಥೆಗಳಿಗೆ ಈ ಚಿಂತೆ ಅಷ್ಟಿಲ್ಲ. ಸರ್ವೀಸ್ ಒಪ್ಪಂದ ಮಾಡಿಕೊಳ್ಳುವ ಶಕ್ತಿ ಅವುಗಳಿಗಿದೆ. ನಿಜವಾದ ಪೆಟ್ಟು ಬೀಳುವುದು ಎರಡನೇ, ಮೂರನೇ ಕೈಗೆ. ಹೊಸ ಲಾರಿ ಕೆಲವು ವರ್ಷ ನಗರದಲ್ಲಿ ದುಡಿದು, ಸಾಲ ಮಾಡಿ ಕೊಳ್ಳುವ ಹಳ್ಳಿಯ ಮಾಲೀಕನ ಮನೆ ಮುಂದೆ ಬಂದು ನಿಲ್ಲುವುದು ಹಳೆಯ ಪದ್ಧತಿ. ಆರ್‌ಸಿ, ವಿಮೆ, ಎಫ್‌ಸಿ ಕಾಗದಗಳು ಕೈ ಬದಲಾಗುತ್ತವೆ. ಯಾವ ಎಣ್ಣೆ, ಯಾವಾಗ ಹಾಕಿದ್ದು ಎಂಬ ಚೀಟಿ ಮಾತ್ರ ಬರುವುದಿಲ್ಲ. ಮಾರಾಟಗಾರರು ನಿರ್ವಹಣೆಯ ಸೂಚನೆಯನ್ನು ಒಂದು ಪುಟ ಕನ್ನಡದಲ್ಲಿ ಮುದ್ರಿಸಿ ಬಾಗಿಲಿಗೆ ಅಂಟಿಸಿದರೆ ಅವರಿಗೆ ಆಗುವ ಖರ್ಚು ಅತ್ಯಲ್ಪ. ತಾಲ್ಲೂಕಿನ ಮೆಕ್ಯಾನಿಕ್ಕುಗಳಿಗೆ ಈ ವಿದ್ಯೆ ಕಲಿಸಲು ಐಟಿಐಗಳೂ ಮುಂದಾಗಬಹುದು.

ಅಲ್ಲಿಯವರೆಗೆ ಕೊಳ್ಳುವವನ ಮೂಗೇ ಪರೀಕ್ಷಕ. ಡಿಪ್‌ಸ್ಟಿಕ್ಕಿನ ಎಣ್ಣೆ ಕಪ್ಪಗಾಗಿ ಸುಟ್ಟ ವಾಸನೆ ಬಂದು, ಲೋಡು ಹಾಕಿ ಏರು ಹತ್ತಿಸಿದಾಗ ಎಂಜಿನ್ ಮಾತ್ರ ಕೂಗಿದರೆ ಬಿಲ್ಲೆಗಳು ಸವೆದಿರುವ ಸಾಧ್ಯತೆಯೇ ಹೆಚ್ಚು. 'ಹೊಸ ಎಣ್ಣೆ ಹಾಕಿಸಿದರೆ ಸರಿಹೋಗುತ್ತೆ' ಎಂದು ದಲ್ಲಾಳಿ ಹೇಳಬಹುದು. ಸವೆದ ಬಿಲ್ಲೆಯನ್ನು ಯಾವ ಎಣ್ಣೆಯೂ ಬೆಳೆಸದು. ಮುಂಗಡ ಕೊಡುವ ಮುನ್ನ ಗೇರ್ ಬಾಕ್ಸ್ ಬಿಚ್ಚಿ ಕಟ್ಟಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆಯಬೇಕಾಗುತ್ತದೆ.