ಮಾತನಾಡುವ ಆಟಿಕೆ ಮತ್ತು ನಮ್ಮ ಮಕ್ಕಳು

ಕ್ರಿಸ್ತಜಯಂತಿ ಸಮೀಪಿಸಿದಾಗಲೆಲ್ಲ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆಯೊಡನೆ ಮಕ್ಕಳ ಉಡುಗೊರೆಯ ಮಾತೂ ಆರಂಭವಾಗುತ್ತದೆ. ಕೊಲ್ಲಿ ರಾಷ್ಟ್ರಗಳಿಂದ, ಅಮೆರಿಕದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಹಿಂದೆ ಕೀಲಿ ಕೊಟ್ಟರೆ ಓಡುವ ಕಾರು, ಕಣ್ಣು ಮುಚ್ಚಿ ತೆರೆಯುವ ಗೊಂಬೆ ಇರುತ್ತಿದ್ದವು. ಈಗ ಮಗುವನ್ನು ಹೆಸರು ಹಿಡಿದು ಕರೆದು ಸಂಭಾಷಿಸುವ ಕೃತಕ ಬುದ್ಧಿಮತ್ತೆಯ ರೋಬೋಟ್ ಆಟಿಕೆಗಳು ಬಂದಿವೆ. ಇವುಗಳನ್ನು ಹೇಗೆ ರೂಪಿಸಬೇಕೆಂಬ ಪ್ರಶ್ನೆಯನ್ನು ತಂತ್ರಜ್ಞರಿಗಷ್ಟೇ ಬಿಟ್ಟು ನಾವು ಸುಮ್ಮನಿರಲಾಗದು.

ಇಂಥ ಬಹುಪಾಲು ಆಟಿಕೆಗಳ ಬುದ್ಧಿ ಅವುಗಳ ಒಡಲಲ್ಲಿ ಇರುವುದಿಲ್ಲ. ಮಗು ಆಡಿದ ಮಾತು ಅಂತರ್ಜಾಲದ ಮೂಲಕ ದೂರದ ಗಣಕಯಂತ್ರವನ್ನು ತಲುಪಿ, ಅಲ್ಲಿ ಸಿದ್ಧವಾದ ಉತ್ತರ ಆಟಿಕೆಯ ಧ್ವನಿಯಲ್ಲಿ ಮರಳುತ್ತದೆ. ಮಗು ಗುಟ್ಟೆಂದು ಪಿಸುಗುಟ್ಟಿದ್ದು ಗುಟ್ಟಾಗಿ ಉಳಿಯುವುದೆಂಬ ಭರವಸೆಯಿಲ್ಲ. 2017ರಲ್ಲಿ ಜರ್ಮನಿಯ ಸರಕಾರಿ ನಿಯಂತ್ರಣ ಸಂಸ್ಥೆಯು ‘ಮೈ ಫ್ರೆಂಡ್ ಕೇಲಾ’ ಎಂಬ ಮಾತನಾಡುವ ಗೊಂಬೆಯನ್ನು ಗುಪ್ತವಾಗಿ ಕದ್ದಾಲಿಸಬಲ್ಲ ಸಾಧನವೆಂದು ಪರಿಗಣಿಸಿ ನಿಷೇಧಿಸಿತು. ಅದೇ ವರ್ಷ ‘ಕ್ಲೌಡ್‌ಪೆಟ್ಸ್’ ಆಟಿಕೆಗಳ ಮೂಲಕ ಮಕ್ಕಳೂ ಹೆತ್ತವರೂ ಕಳುಹಿಸಿಕೊಂಡಿದ್ದ 20 ಲಕ್ಷಕ್ಕೂ ಹೆಚ್ಚು ಧ್ವನಿ ಸಂದೇಶಗಳು ಪರರ ಕೈಗೆ ಸಿಗುವಂತಿದ್ದುದು ಬಯಲಾಯಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಹಿತರಕ್ಷಣಾ ಸಂಘಟನೆಯೊಂದು ‘ಕುಮ್ಮ’ ಎಂಬ ಕರಡಿ ಗೊಂಬೆಯನ್ನು ಪರೀಕ್ಷಿಸಿದಾಗ, ಅದು ಬೆಂಕಿಕಡ್ಡಿ ಗೀರುವ ವಿಧಾನವನ್ನೂ ಮಕ್ಕಳಿಗೆ ಸಲ್ಲದ ಲೈಂಗಿಕ ವಿಷಯಗಳನ್ನೂ ವಿವರಿಸಿತು.

ಸದುದ್ದೇಶದಿಂದ ರೂಪಿಸಿದ ಆಟಿಕೆಯೂ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. 2020ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಮಾಕ್ಸಿ’ ಎಂಬ ರೋಬೋಟ್, 5ರಿಂದ 10 ವರ್ಷದ ಮಕ್ಕಳು ತಮ್ಮ ಭಾವನೆಗಳನ್ನು ಅರಿತು ಇತರರೊಡನೆ ಬೆರೆಯಲು ಕಲಿಯಲೆಂದು ರೂಪುಗೊಂಡಿತ್ತು. ಮುಚ್ಚುವ ಹೊತ್ತಿಗೆ ಅದರ ಬೆಲೆ ಸುಮಾರು 800 ಡಾಲರ್ ಇತ್ತು. 2024ರ ಡಿಸೆಂಬರ್‌ನಲ್ಲಿ ತಯಾರಕ ಸಂಸ್ಥೆ ಹಣವಿಲ್ಲದೆ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿದಾಗ, ಗೆಳೆಯ ಮೂಕನಾಗುವನೆಂದು ಮಕ್ಕಳು ಅತ್ತರು. ಅಳುವ ಮಗುವಿಗೆ ಏನೆಂದು ಹೇಳುವುದು? ಮಗುವಿನ ಪ್ರೀತಿ ನಿಜವಾದುದು. ಅದನ್ನು ಸ್ವೀಕರಿಸಿದ ಯಂತ್ರಕ್ಕೆ ಪ್ರೀತಿಸುವ ಹೃದಯವೇ ಇರಲಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ಆಂಟಿಕ್ವಾ ಎತ್ ನೋವಾ’ ಎಂಬ ದಾಖಲೆಯು ವಿಜ್ಞಾನದ ಪ್ರಗತಿಯನ್ನು ಗೌರವಿಸುತ್ತಲೇ, ಯಂತ್ರಕ್ಕೆ ಮನುಷ್ಯರೂಪ ಕೊಟ್ಟರೆ ಮಕ್ಕಳು ಮಾನವ ಸಂಬಂಧಗಳನ್ನೂ ಬರೀ ಕೊಡುಕೊಳ್ಳುವ ವ್ಯವಹಾರವೆಂದು ಭಾವಿಸುವ ಅಪಾಯವಿದೆಯೆಂದು ಎಚ್ಚರಿಸಿದೆ. ಇದು ನ್ಯಾಯವಾದ ಎಚ್ಚರಿಕೆ. ಒಡನಾಡಿ ಮಗು ಜಗಳವಾಡುತ್ತದೆ, ಮುನಿಸಿಕೊಳ್ಳುತ್ತದೆ, ರಾಜಿಯಾಗುತ್ತದೆ. ಕ್ಷಮೆ ಕೇಳುವುದನ್ನೂ ಕ್ಷಮಿಸುವುದನ್ನೂ ನಮ್ಮ ಮಕ್ಕಳು ಕಲಿಯುವುದು ಅಲ್ಲಿಯೇ. ಎಂದೂ ಮುನಿಯದ ಆಟಿಕೆ ಅದನ್ನು ಕಲಿಸಲಾರದು.

ಆದುದರಿಂದ ಆಟಿಕೆ ತಯಾರಿಸುವವರಿಂದ ನಾವು ಕೆಲವನ್ನು ಕೇಳಬೇಕು. ಮಗುವಿನ ಧ್ವನಿಯನ್ನು ಸಂಗ್ರಹಿಸಿಡಬಾರದು. ತಾನು ಯಂತ್ರವೆಂದು ಆಟಿಕೆ ಮರೆಮಾಚದೆ ಹೇಳಬೇಕು. ಆಟ ನಿಲ್ಲಿಸುವ ಮಗುವನ್ನು ಅದು ತಡೆಯಬಾರದು. ಮಗು ದುಃಖ ತೋಡಿಕೊಂಡರೆ ತಾಯಿಯ ಬಳಿಗೆ ಕಳುಹಿಸಬೇಕು. ಸಂಸ್ಥೆ ಮುಚ್ಚಿದರೂ ಆಟಿಕೆ ಕೆಲಸಕ್ಕೆ ಬರುವಂತಿರಬೇಕು. ನಮ್ಮ ಯುವಕ ಯುವತಿಯರನೇಕರು ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಗಣಕ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ಈ ಮಾತು ಅವರ ಆತ್ಮಸಾಕ್ಷಿಗೂ ಸೇರಿದ್ದು.

ಆದರೆ ಮೊದಲ ಪ್ರಶ್ನೆ ನಮಗೇ. ಮಗು ಯಂತ್ರದೊಡನೆ ಮಾತಿಗಿಳಿಯುವುದು ಮನೆಯಲ್ಲಿ ಕೇಳುವವರು ಇಲ್ಲದಿರುವಾಗ ಅಲ್ಲವೇ? ಮಕ್ಕಳನ್ನು ಯೇಸುಸ್ವಾಮಿಯ ಬಳಿಗೆ ಕರೆತಂದಾಗ ಗದರಿಸಿದವರು ಶಿಷ್ಯರೇ. ಅವರನ್ನು ಅಪ್ಪಿಕೊಂಡು ಆಶೀರ್ವದಿಸಿದವರು ಪ್ರಭು. ‘ಈಗ ಪುರುಸೊತ್ತಿಲ್ಲ’ ಎನ್ನುವಾಗಲೆಲ್ಲ ನಾವು ಯಾರ ಸಾಲಿನಲ್ಲಿ ನಿಲ್ಲುತ್ತೇವೆ? ಸಂಜೆಯ ಜಪಮಾಲೆಯ ಬಳಿಕ ಅರ್ಧ ಗಂಟೆ ಟಿ.ವಿ., ಮೊಬೈಲ್ ಬದಿಗಿಟ್ಟು ಮಗುವಿನ ಮಾತಿಗೆ ಕಿವಿಗೊಡೋಣ. ಈ ಕ್ರಿಸ್ತಜಯಂತಿಗೆ ನಾವು ಕೊಡಬಹುದಾದ ಉಡುಗೊರೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.